ಅಂಗಳದ ಗಿಡ ಉಳಿಯಬೇಕಾದರೆ ನೆಲ ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಗದಗ ಜಿಲ್ಲೆಯ ಅಸೂಟಿಯಿಂದ ಯಾವ ದಿಕ್ಕಿಗೆ ಹೊರಟರೂ ಕಾಣುವುದು ಬೋಳು ಎರೆ ಹೊಲ. ಕಡಲೆ, ಬಿಳಿಜೋಳ, ಕುಸುಬಿಯ ಸುಗ್ಗಿ ಮುಗಿದು ಭೂಮಿ ಬಾಯಿ ಬಿಟ್ಟಿರುತ್ತದೆ. ಹಸಿರು ಉಳಿದಿರುವುದು ಊರಲ್ಲಿ, ಊರಂಚಿನಲ್ಲಿ ಮಾತ್ರ: ಮನೆ ಮುಂದಿನ ಬೇವು, ಹಿತ್ತಲ ಹುಣಸೆ, ಗುಡಿ ಮುಂದಿನ ಅರಳಿ, ಊರಾಚೆ ಒಂದು ಬನ್ನಿ. ರೋಣ, ನರಗುಂದ, ಗಜೇಂದ್ರಗಡ ಸೀಮೆ ಮರುಭೂಮಿಯಲ್ಲ, ನಿಜ. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ ಬೀಳುತ್ತದೆ. ಆದರೆ ಅದರ ದೊಡ್ಡ ಪಾಲು ಮುಂಗಾರಿನ ಕೊನೆಗೆ, ಸೆಪ್ಟೆಂಬರಿನ ಆಸುಪಾಸಿನಲ್ಲಿ ಸುರಿದು ಹೋಗುತ್ತದೆ. ಜನವರಿಯಿಂದ ಮೇವರೆಗೆ ಗಿಡದ ಪಾಲಿಗೆ ಇದು ಮರುಭೂಮಿಯೇ.

ಇಂಥ ಕಡೆ ದೊಡ್ಡ ಗಿಡ ಒಣಗಿದರೆ ನಾವು ಆ ವರ್ಷದ ಬಿಸಿಲನ್ನು ದೂರುತ್ತೇವೆ. ಬಹಳ ಸಲ ಕಾರಣ ಎರಡು ಮೂರು ವರ್ಷ ಹಿಂದೆ ನೆಲದೊಳಗೆ ಆಗಿಹೋಗಿರುತ್ತದೆ. ಬೊಡ್ಡೆಯವರೆಗೆ ಹಾಸಿದ ಸಿಮೆಂಟು, ಬೇರು ಕಡಿದು ತೋಡಿದ ಗಟಾರ, ಒಂದರ ಮೇಲೊಂದು ಬಂದ ಬರ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷ ಸಣ್ಣ ಬೇರು ಕಳೆದುಕೊಂಡ ಗಿಡ ಅದನ್ನು ತೋರಿಸುವುದು ಆಮೇಲೆ, ತುದಿಯ ಟೊಂಗೆಗಳಲ್ಲಿ. ಆದ್ದರಿಂದ ಮುಂದಿನ ಸೂತ್ರಗಳಲ್ಲಿ ಹೆಚ್ಚಿನವು ನೆಲದ ಬಗ್ಗೆಯೇ ಇವೆ.

1. ನಿಮ್ಮ ಅಂಗಳ ಎರೆಯೋ ಮಸಾರಿಯೋ ನೋಡಿಕೊಳ್ಳಿ

ಅಸೂಟಿ, ರೋಣ, ನರಗುಂದದ ಕಡೆ ಹೆಚ್ಚಾಗಿ ಎರೆ. ಗಜೇಂದ್ರಗಡದ ಗುಡ್ಡದ ಬದಿಗೆ ಹೋದಂತೆ ಮಸಾರಿ, ಗರಸು, ಕೆಳಗೆ ಬಂಡೆ. ಎರಡಕ್ಕೂ ಒಂದೇ ಉಪಚಾರ ನಡೆಯುವುದಿಲ್ಲ. ಎರೆ ಮಣ್ಣು ನೀರನ್ನು ನಿಧಾನವಾಗಿ ಕುಡಿದು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಮಸಾರಿ ಬೇಗ ಕುಡಿದು ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಮಸಾರಿಯ ಗಿಡಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು ಬೇಕಾದರೆ ಎರೆಯ ಗಿಡಕ್ಕೆ ಮೂರು ವಾರಕ್ಕೊಮ್ಮೆ ಸಾಕು. ಎರೆಗೆ ದಿನಾ ನೀರು ಹಾಕಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

2. ನೀರು ನೆರಳಿನ ಅಂಚಿಗೆ ಹಾಕಿ

ಬೊಡ್ಡೆಯ ಬುಡಕ್ಕೆ ಎರಡು ಕೊಡ ನೀರು ಸುರಿದು ಕೈ ತೊಳೆದುಕೊಳ್ಳುವುದು ನಮ್ಮೆಲ್ಲರ ರೂಢಿ. ದೊಡ್ಡ ಗಿಡಕ್ಕೆ ಅದರಿಂದ ಏನೂ ಆಗುವುದಿಲ್ಲ. ಬೊಡ್ಡೆಯ ಹತ್ತಿರದ ದಪ್ಪ ಬೇರು ಗಿಡವನ್ನು ಹಿಡಿದು ನಿಲ್ಲಿಸುವ ಬೇರು. ನೀರು ಹೀರುವ ಕೂದಲಿನಂಥ ಬೇರುಗಳು ಇರುವುದು ನಡುಹಗಲಿನ ನೆರಳು ಮುಗಿಯುವಲ್ಲಿ ಮತ್ತು ಅದರಾಚೆ, ಮೇಲಿನ ಎರಡು ಅಡಿ ಮಣ್ಣಿನಲ್ಲಿ.

ಲೆಕ್ಕ ಹೀಗೆ. ಬೊಡ್ಡೆಯಿಂದ ನೆರಳಿನ ಅಂಚು 12 ಅಡಿ ದೂರ ಇದೆ ಎಂದುಕೊಳ್ಳಿ. 9 ಅಡಿಯಿಂದ 12 ಅಡಿಯವರೆಗೆ, ಮೂರಡಿ ಅಗಲದ ಸುತ್ತು ಪಾತಿ ಮಾಡಿ. ಸುತ್ತಲೂ ಗೇಣೆತ್ತರ ಒಡ್ಡು ಹಾಕಿ. ಈ ಪಾತಿಯಲ್ಲಿ ಎರಡಿಂಚು ನೀರು ನಿಲ್ಲಬೇಕಾದರೆ ಸುಮಾರು 900 ಲೀಟರ್ ಬೇಕು, ಅಂದರೆ 15 ಲೀಟರಿನ 60 ಕೊಡ. ಹೆಚ್ಚಾಯಿತೆನಿಸಬಹುದು. ಆದರೆ ದಿನಾ ಎರಡು ಕೊಡದಂತೆ ತಿಂಗಳಿಗೆ ಖರ್ಚಾಗುವ ನೀರೂ ಇಷ್ಟೇ. ಅದೇ ನೀರನ್ನು ಒಂದೇ ದಿನ ಸರಿಯಾದ ಜಾಗಕ್ಕೆ ಹಾಕಿದರೆ ಗಿಡ ಬದುಕುತ್ತದೆ.

ಸಾಕಾಯಿತೋ ಇಲ್ಲವೋ ತಿಳಿಯಲು ಮಾರನೆಯ ದಿನ ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಪಾತಿಯಲ್ಲಿ ಒತ್ತಿ. ಹಸಿ ಇರುವಷ್ಟು ಆಳ ಅದು ಸಲೀಸಾಗಿ ಇಳಿದು, ಒಣ ನೆಲ ಸಿಕ್ಕಲ್ಲಿ ತಟ್ಟನೆ ನಿಲ್ಲುತ್ತದೆ. ಒಂದಡಿಗೇ ನಿಂತರೆ ಇನ್ನೊಮ್ಮೆ ಅಷ್ಟೇ ನೀರು ಬಿಡಿ. ಎರಡಡಿ ಇಳಿದರೆ ಮುಂದಿನ ಸರದಿಯವರೆಗೆ ಗಿಡದ ಕಡೆ ನೀರಿನ ಕೊಡ ಒಯ್ಯಬೇಡಿ.

3. ಬಾಡುವವರೆಗೆ ಕಾಯಬೇಡಿ

ಚಿತ್ತಿ, ಸ್ವಾತಿ ಮಳೆ ಚೆನ್ನಾಗಿ ಆದ ವರ್ಷ ಎರೆಯೊಳಗಿನ ಹಸಿ ಸಂಕ್ರಾಂತಿ ದಾಟಿಸುತ್ತದೆ. ಆ ಎರಡು ಮಳೆ ಕೈಕೊಟ್ಟ ವರ್ಷ ಡಿಸೆಂಬರಿನಲ್ಲೇ ಮೊದಲ ಪಾತಿ ನೀರು ಕೊಡಿ. ಮುಂದಿನದು ಶಿವರಾತ್ರಿಯ ಸುಮಾರಿಗೆ, ಬೇವು ಎಲೆ ಉದುರಿಸಿ ಹೊಸ ಚಿಗುರಿಗೆ ಸಿದ್ಧವಾಗುವ ಹೊತ್ತಿಗೆ. ಆಮೇಲೆ ಏಪ್ರಿಲ್, ಮೇ. ಅಡ್ಡಮಳೆ ಒಂದು ಜೋರು ಬಿದ್ದರೆ ಆ ಸರದಿ ಬಿಡಬಹುದು. ನೀರು ಬಿಡುವುದು ಸಂಜೆ ಹೊತ್ತು ಮುಳುಗಿದ ಮೇಲೆ.

ಬೇರೂರಿದ ಬೇವು, ಹುಣಸೆಗೆ ಒಳ್ಳೆಯ ವರ್ಷ ಈ ನೀರಿನ ಅಗತ್ಯವೇ ಇಲ್ಲದಿರಬಹುದು. ಬೇಕಾಗುವುದು ಬರದ ವರ್ಷ, ಬರದ ಮರುವರ್ಷ, ಮತ್ತು ಸುತ್ತ ಮಣ್ಣು ಮುಚ್ಚಿಹೋಗಿರುವ ಅಂಗಳದಲ್ಲಿ. ಮಾವು, ಹೊಂಗೆ, ತೆಂಗು ಇದ್ದರೆ ಪ್ರತಿ ಬೇಸಿಗೆಯೂ ಬೇಕು.

4. ಬಿರುಕು ಮುಚ್ಚಿ, ಉಸುಕು ಹರವಿ

ಎರೆಯ ಬಿರುಕನ್ನು ನಾವು ನೋಡಿ ನೋಡಿ ಮರೆತಿದ್ದೇವೆ. ಅದರೊಳಗೆ ಒಮ್ಮೆ ಬಗ್ಗಿ ನೋಡಿ. ಎರಡೂ ಗೋಡೆಗಳಿಂದ ತುಂಡಾದ ಸಣ್ಣ ಬೇರುಗಳು ಚಾಚಿಕೊಂಡಿರುತ್ತವೆ. ಮಣ್ಣು ಕುಗ್ಗುವಾಗ ಬೇರನ್ನು ಎರಡೂ ಕಡೆ ಎಳೆದು ಹರಿಯುತ್ತದೆ. ಬಿರುಕು ಒಂದು ಮೀಟರಿಗಿಂತ ಆಳ ಹೋಗುವುದುಂಟು. ಬಿಸಿಗಾಳಿ ಆ ದಾರಿಯಲ್ಲಿ ಇಳಿದು ಒಳಗಿನ ಹಸಿಯನ್ನೂ ಎಳೆದುಕೊಂಡು ಬರುತ್ತದೆ.

ನಮ್ಮ ರೈತರಿಗೆ ಇದರ ಮದ್ದು ಮೊದಲಿಂದ ಗೊತ್ತು. ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆಯುವುದು ಕಸ ತೆಗೆಯಲಿಕ್ಕಷ್ಟೇ ಅಲ್ಲ, ಬಿರುಕು ಮುಚ್ಚಲಿಕ್ಕೂ ಹೌದು. ಗಿಡದ ಕೆಳಗೂ ಅದನ್ನೇ ಮಾಡಿ. ಜನವರಿಯಲ್ಲಿ ಎರಡಿಂಚಿಗಿಂತ ಆಳ ಹೋಗದಂತೆ ಕುರ್ಚಿಗೆಯಿಂದ ಕೆದರಿ ಮೇಲ್ಮಣ್ಣು ಸಡಿಲ ಮಾಡಿ. ಗುದ್ದಲಿಯಿಂದ ಅಗೆಯಬೇಡಿ, ಮೇಲಿನ ಬೇರೇ ಹೋಗುತ್ತದೆ.

ಇನ್ನೊಂದು ಪದ್ಧತಿ ಇದಕ್ಕಿಂತ ದೊಡ್ಡದು. ಗದಗ, ಕೊಪ್ಪಳ ಸೀಮೆಯಲ್ಲಿ ರೈತರು ಹಳ್ಳದ ಉಸುಕನ್ನು, ಸಣ್ಣ ಗರಸನ್ನು ಎರೆ ಹೊಲದ ಮೇಲೆ ಹರವುತ್ತಾರೆ. ಉಸುಕಿನ ಪದರ ಮಳೆ ನೀರನ್ನು ಹರಿದು ಹೋಗಗೊಡದೆ ಒಳಗೆ ಇಳಿಸುತ್ತದೆ. ಕೆಳಗಿನ ಹಸಿ ಮೇಲೇರಿ ಆರಿಹೋಗುವ ದಾರಿಯನ್ನೂ ತುಂಡರಿಸುತ್ತದೆ, ಬಿರುಕು ಬಾಯಿ ತೆರೆಯದಂತೆ ತಡೆಯುತ್ತದೆ. ಒಮ್ಮೆ ಹರವಿದರೆ ಅನೇಕ ವರ್ಷ ಇರುತ್ತದೆ. ಹೊಲಕ್ಕೆ ನೂರಾರು ಗಾಡಿ ಬೇಕು. ಒಂದು ಗಿಡದ ಕೆಳಗೆ ಒಂದೆರಡು ಗಾಡಿ ಸಾಕು. ಪಾತಿಯ ಮೇಲೆ ಮೂರಿಂಚು ದಪ್ಪ ಹರವಿ. ದಪ್ಪ ಕಣದ ಉಸುಕೇ ಆಗಬೇಕು, ಗಾರೆಗೆ ಹಾಕುವ ನುಣುಪು ಉಸುಕು ಬೇಡ. ಹೊರನಾಡಿನ ತೋಟಗಾರಿಕೆಯ ಪುಸ್ತಕಗಳು ಮರದ ಚೂರಿನ ಹೊದಿಕೆ ಹೇಳುತ್ತವೆ. ನಮ್ಮ ಎರೆಗೆ, ನಮ್ಮ ಗಾಳಿಗೆ, ಉಸುಕೇ ಮೇಲು ಎಂದು ನನ್ನ ಅಭಿಪ್ರಾಯ.

ಉಸುಕು ಸಿಗದಿದ್ದರೆ ಗಿಡದ್ದೇ ತೊಪ್ಪಲು, ಗೋವಿನಜೋಳದ ರವದಿ, ಕತ್ತರಿಸಿದ ಹತ್ತಿ ಕಟ್ಟಿಗೆ ನಾಲ್ಕಿಂಚು ಹಾಕಿ. ಬೊಡ್ಡೆಗೆ ತಾಗಬಾರದು, ಒಂದು ಗೇಣು ದೂರ ಇರಲಿ. ದಿನಾ ಬೆಳಿಗ್ಗೆ ಬೇವಿನ ಎಲೆ ಗುಡಿಸಿ ಬೆಂಕಿ ಹಚ್ಚುವ ಪದ್ಧತಿಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಅದು ಆ ಗಿಡಕ್ಕೆ ಸೇರಬೇಕಾದ ಗೊಬ್ಬರ, ಮೇಲಾಗಿ ಬುಡದ ಬೆಂಕಿ ತೊಗಟೆಯ ಒಳಪದರವನ್ನು ಬೇಯಿಸುತ್ತದೆ.

5. ಮಾಳಿಗೆ ನೀರು ಗಟಾರಕ್ಕೆ ಬಿಡಬೇಡಿ

ಸಾವಿರ ಚದರಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗಿಂತ ಹೆಚ್ಚು ನೀರಾಯಿತು. ಎರಡನೇ ಸೂತ್ರದ ಒಂದು ಪಾತಿ ತುಂಬಲು ಬೇಕಾದಷ್ಟು! ಹಳೆ ಮೇಲ್ಮುದ್ದೆ ಮನೆಯ ದೋಣಿ ಇರಲಿ, ಆರ್‌ಸಿಸಿ ಮನೆಯ ಪೈಪಿರಲಿ, ಅದರ ಬಾಯಿಯನ್ನು ಗಿಡದ ಪಾತಿಗೆ ತಿರುಗಿಸಿ. ಭಾದ್ರಪದದ ದೊಡ್ಡ ಮಳೆಯಲ್ಲಿ ಮಾತ್ರ ಒಡ್ಡಿಗೆ ಒಂದು ಕಂಡಿ ಕೊಟ್ಟು ಹೆಚ್ಚಿನ ನೀರು ಹೊರಹೋಗಲು ಬಿಡಿ. ಎರೆಯಲ್ಲಿ ಮೂರು ದಿನ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ.

6. ಎಲ್ಲ ನೀರೂ ನೀರಲ್ಲ

ಬಚ್ಚಲ ನೀರು, ಪಾತ್ರೆ ತೊಳೆದ ನೀರು ನಡೆಯುತ್ತದೆ, ಜಾಗ ಬದಲಿಸುತ್ತ ಹಾಕಿದರೆ. ಬಟ್ಟೆ ಒಗೆದ ಮೊದಲ ನೀರು ಬೇಡ. ಸಾಬೂನು ಪುಡಿಯಲ್ಲಿರುವ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ನೆಲವನ್ನು ಹಲಗೆಯಂತೆ ಗಟ್ಟಿ ಮಾಡುತ್ತದೆ, ಆಮೇಲೆ ಮಳೆ ನೀರೂ ಇಳಿಯುವುದಿಲ್ಲ.

ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರನ್ನು 'ಸುಮ್ಮನೆ ಹೋಗುತ್ತದಲ್ಲ' ಎಂದು ಗಿಡಕ್ಕೆ ಬಿಡುವವರಿದ್ದಾರೆ. ಅದು ಉಪ್ಪೆಲ್ಲ ಒಂದೆಡೆ ಸೇರಿದ ನೀರು. ಬೋರಿನ ನೀರು ಸವಳಿದ್ದರೆ ಅದನ್ನು ಬಳಸಲೇಬೇಕಾದ ಕಷ್ಟ ಕೆಲವರಿಗಿದೆ. ಅಂಥವರು ಸ್ವಲ್ಪ ಸ್ವಲ್ಪ ಹಾಕದೆ ಒಮ್ಮೆ ಧಾರಾಳ ಹಾಕಿ, ಮಳೆಗಾಲದಲ್ಲಿ ಮಾಳಿಗೆ ನೀರಿನಿಂದ ಉಪ್ಪು ತೊಳೆದು ಕೆಳಗಿಳಿಯುವಂತೆ ಮಾಡಬೇಕು. ಮಲಪ್ರಭಾ ಕಾಲುವೆ ಬಂದ ಮೇಲೆ ಸವಳು-ಜವಳಾದ ಹೊಲಗಳನ್ನು ಕಂಡವರಿಗೆ ಉಪ್ಪು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಲೆಯ ಅಂಚು ಸುಟ್ಟಂತೆ ಕಂದಾದರೆ ಮೊದಲು ನೀರನ್ನು ಅನುಮಾನಿಸಿ.

7. ಬೊಡ್ಡೆಯವರೆಗೆ ಫರಸಿ ಹಾಸಬೇಡಿ

ಈ ಸೀಮೆಯಲ್ಲಿ ಬಿಸಿಲಿಗಿಂತ ಹೆಚ್ಚು ಗಿಡಗಳನ್ನು ತಿನ್ನುತ್ತಿರುವುದು ಸಿಮೆಂಟು. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಗೌಂಡಿ ಕೇಳುತ್ತಾನೆ: "ಅಕ್ಕಾರ, ಬೊಡ್ಡಿತನಕ ಫರಸಿ ಹಾಕಿಬಿಡ್ತೀನ್ರಿ, ಕಸಾ ಹೊಡಿಯಾಕ ಹಗರ ಆಕ್ಕೈತಿ." ಉತ್ತರ ಸಿದ್ಧವಿರಲಿ: "ಬ್ಯಾಡ ತಮ್ಮಾ, ಗಿಡದ ಸುತ್ತ ಒಂದು ಮಾರು ಮಣ್ಣು ಹಂಗ ಬಿಡು."

ಬೇರು ಉಸಿರಾಡುತ್ತದೆ. ಮೇಲೆ ಕಾಂಕ್ರೀಟು ಬಿದ್ದರೆ ಗಾಳಿಯೂ ಇಲ್ಲ, ಮಳೆಯೂ ಇಲ್ಲ, ಜೊತೆಗೆ ಕಾದ ಕಾಂಕ್ರೀಟಿನ ಬಿಸಿ. ನೆರಳಿಗಾಗಿ ಉಳಿಸಿಕೊಂಡ ಬೇವು ಮೂರನೇ ಬೇಸಿಗೆಗೆ ತಲೆ ಒಣಗಿಸಿಕೊಳ್ಳುತ್ತದೆ. ವಾಹನ ನಿಲ್ಲಿಸಲು ಗಟ್ಟಿ ನೆಲ ಬೇಕೇ ಬೇಕೆಂದರೆ ಸಿಮೆಂಟು ಹಾಕದೆ ಉಸುಕಿನ ಮೇಲೆ ಕಲ್ಲು ಜೋಡಿಸಿ, ಸಂದು ಬಿಡಿ. ಈಗಾಗಲೇ ಹಾಸಿದ್ದರೆ ಸುತ್ತ ಒಂದು ಸಾಲು ಫರಸಿ ಕಿತ್ತು ಮಣ್ಣು ತೆರೆದರೂ ಗಿಡಕ್ಕೆ ದೊಡ್ಡ ಉಪಕಾರ.

ಕಟ್ಟೆ ವಿಷಯದಲ್ಲೂ ಇದೇ. ಅರಳಿ, ಆಲ, ಬಸರಿ ಮಣ್ಣೇರಿಸಿದರೂ ಮೇಲೆ ಹೊಸ ಬೇರು ಬಿಟ್ಟು ಸುಧಾರಿಸಿಕೊಳ್ಳುತ್ತವೆ. ಬೇವು, ಹುಣಸೆ ಅಷ್ಟು ಸಹಿಸುವುದಿಲ್ಲ. ಗಿಡದ ಬೊಡ್ಡೆ ನೆಲ ಸೇರುವಲ್ಲಿ ತುಸು ಅಗಲವಾಗಿ ಹರಡಿಕೊಂಡಿರುತ್ತದೆ. ಆ ಅಗಲ ಕಣ್ಣಿಗೆ ಕಾಣದೆ ಕಂಬ ನೆಟ್ಟಂತೆ ಬೊಡ್ಡೆ ನೇರ ನೆಲಕ್ಕಿಳಿದಿದ್ದರೆ ಅಲ್ಲಿ ಮಣ್ಣು ಹೆಚ್ಚಾಗಿದೆ ಎಂದರ್ಥ. ಕೈಯಿಂದ ಮೆಲ್ಲಗೆ ಸರಿಸಿ, ಬೇರಿನ ಹೆಗಲು ಕಾಣುವವರೆಗೆ. ಹೊಸ ಕಟ್ಟೆ ಕಟ್ಟುವುದಾದರೆ ಬೊಡ್ಡೆಯಿಂದ ಮೂರಡಿ ಬಿಟ್ಟು ಕಟ್ಟಿ, ಒಳಗೆ ಮಣ್ಣು ತುಂಬಬೇಡಿ.

8. ತಗ್ಗು ತೋಡುವವರ ಜೊತೆ ನಿಂತುಕೊಳ್ಳಿ

ಜಲಜೀವನ್ ಮಿಷನ್ ಬಂದ 2019ರ ನಂತರ ಓಣಿ ಓಣಿಯಲ್ಲಿ ನಳದ ಪೈಪಿನ ತಗ್ಗು ಬಿದ್ದಿದೆ. ಸಿಸಿ ರಸ್ತೆ, ಗಟಾರ, ಕೇಬಲ್ಲು ಬೇರೆ. ಇವೆಲ್ಲ ಬೇಕು. ಜೆಸಿಬಿ ಬರುವ ಮೊದಲು ನೀವು ಅಲ್ಲಿರಬೇಕು, ಅಷ್ಟೇ.

ಬೊಡ್ಡೆಯ ಅಡ್ಡಗಲವನ್ನು ಅಳೆದುಕೊಳ್ಳಿ. ಅದರ ಹನ್ನೆರಡು ಪಟ್ಟು ದೂರದವರೆಗೆ ಅಗೆಯದಿದ್ದರೆ ಬಹಳ ಒಳ್ಳೆಯದು. ಊರೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಮೂರು ಪಟ್ಟಿನೊಳಗೆ ಮಾತ್ರ ಬರಗೊಡಬೇಡಿ. ಅಲ್ಲಿ ಬೇರು ತುಂಡಾದರೆ ಗಿಡ ಗಾಳಿಗೆ ಉರುಳುವ ಭಯ ಇದೆ. ಎರಡಿಂಚಿಗಿಂತ ದಪ್ಪ ಬೇರು ಅಡ್ಡ ಬಂದರೆ ಅದರ ಕೆಳಗೆ ಕೈಯಿಂದ ತೋಡಿ ಪೈಪು ದಾಟಿಸಬಹುದು. ಜೆಸಿಬಿ ಹರಿದು ಸಿಬಿರೆಬ್ಬಿಸಿದ ಬೇರನ್ನು ಗರಗಸದಿಂದ ನೀಟಾಗಿ ಕೊಯ್ದುಬಿಡಿ. ತಗ್ಗನ್ನು ಅದೇ ದಿನ ಮುಚ್ಚಿಸಿ, ನೀರು ಹಾಕಿ. ಬಿಸಿಲಿಗೆ ಬಿದ್ದ ಬೇರು ಸಂಜೆಯೊಳಗೆ ಸಾಯುತ್ತದೆ. ಬೇರು ಹೋಯಿತೆಂದು ಅಷ್ಟೇ ಟೊಂಗೆ ಕಡಿಯುವವರಿದ್ದಾರೆ. ಕಡಿಯಬೇಡಿ, ಹೊಸ ಬೇರು ಬಿಡಲು ಗಿಡಕ್ಕೆ ಆ ಎಲೆಗಳೇ ಬೇಕು. ಮುಂದಿನ ಎರಡು ಬೇಸಿಗೆ ತಪ್ಪದೆ ಪಾತಿ ನೀರು ಕೊಡಿ.

9. ಕೊಡಲಿ ಬೇಡ, ಗರಗಸ ಹಿಡಿಯಿರಿ

ಗಿಡದ ತಲೆ ಬೋಳಿಸುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ ಅದು ತಪ್ಪೆಂದೇ ಯಾರಿಗೂ ಅನಿಸುವುದಿಲ್ಲ. 'ಬೋಳಿಸಿದರೆ ಚೆನ್ನಾಗಿ ಚಿಗುರುತ್ತದೆ' ಎನ್ನುತ್ತಾರೆ. ಚಿಗುರುವುದು ನಿಜ, ಗಾಬರಿಯ ಚಿಗುರು ಅದು. ಆ ಟೊಂಗೆಗಳಿಗೆ ಬುಡ ಗಟ್ಟಿ ಇರುವುದಿಲ್ಲ, ನಾಲ್ಕೈದು ವರ್ಷಕ್ಕೆ ಮೇ ತಿಂಗಳ ಗಾಳಿಗೆ ಕಿತ್ತು ಬೀಳುತ್ತವೆ. ಇಷ್ಟು ದಿನ ನೆರಳಲ್ಲಿದ್ದ ಒಳಗಿನ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸೀಳುತ್ತದೆ.

ಒಂದು ವರ್ಷ ಕಾಲು ಭಾಗಕ್ಕಿಂತ ಹೆಚ್ಚು ತೊಪ್ಪಲು ತೆಗೆಯಬೇಡಿ. ಮುದಿ ಗಿಡಕ್ಕೆ ಅದರರ್ಧ ಸಾಕು. ಸತ್ತ, ಮುರಿದ, ಒಂದಕ್ಕೊಂದು ತಿಕ್ಕುವ ಟೊಂಗೆ ಮೊದಲು. ಕಾಲ: ಚಳಿ ಕಳೆದು ಚಿಗುರು ಬರುವ ಮುಂಚೆ, ಜನವರಿ ಕೊನೆಯಿಂದ ಫೆಬ್ರವರಿ. ಏಪ್ರಿಲ್ ಮೇಯಲ್ಲಿ ಬಿಸಿಲ ಪೆಟ್ಟು, ಮಳೆಗಾಲದಲ್ಲಿ ಬೂಷ್ಟು, ಎರಡೂ ಬೇಡ.

ಕೊಯ್ಯುವ ಜಾಗ ನೋಡಿ. ಟೊಂಗೆ ಬೊಡ್ಡೆಗೆ ಸೇರುವಲ್ಲಿ ತೊಗಟೆ ಉಬ್ಬಿ ಸುತ್ತಲೂ ಒಂದು ಉಂಗುರ ಕಾಣುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಂಗುರದಲ್ಲಿ, ಅದನ್ನು ಕೊಯ್ಯಬಾರದು. ಭಾರದ ಟೊಂಗೆಯನ್ನು ಮೂರು ಕೊಯ್ತದಲ್ಲಿ ಇಳಿಸಿ. ಮೊದಲನೆಯದು ಬೊಡ್ಡೆಯಿಂದ ಒಂದು ಮೊಳ ದೂರದಲ್ಲಿ, ಕೆಳಗಿನಿಂದ ಮೇಲಕ್ಕೆ, ಟೊಂಗೆಯ ಮೂರನೇ ಒಂದು ಪಾಲು ಮಾತ್ರ. ಎರಡನೆಯದು ಅದಕ್ಕಿಂತ ಎರಡಿಂಚು ಆಚೆ, ಮೇಲಿನಿಂದ ಕೆಳಕ್ಕೆ. ಟೊಂಗೆ ಬೊಡ್ಡೆಯ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು ಉಂಗುರಕ್ಕೆ ತಾಗಿದಂತೆ, ಅದರ ಹೊರಗೆ ಕೊಯ್ಯಿರಿ. ಮೋಟು ಉಳಿಸಿದರೆ ಅದೇ ಕೊಳೆತು ಒಳಗೆ ದಾರಿ ಮಾಡಿಕೊಡುತ್ತದೆ.

ವಿದ್ಯುತ್ ತಂತಿಗೆ ತಾಗುವ ಟೊಂಗೆಯನ್ನು ನೀವಾಗಿ ಮುಟ್ಟಬೇಡಿ. ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿ, ಅವರು ಬಂದಾಗ ಎಲ್ಲಿ ಕೊಯ್ಯಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿ.

10. ಗಾಯಕ್ಕೆ ಏನೂ ಬಳಿಯಬೇಡಿ

ಡಾಂಬರು ಬೇಡ, ಬಣ್ಣ ಬೇಡ, ಸೆಗಣಿಯೂ ಬೇಡ. ಪೊಟರೆಗೆ ಸಿಮೆಂಟು ತುಂಬುವುದಂತೂ ಬೇಡವೇ ಬೇಡ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ಮಾತು ತೋರಿಸಿಕೊಟ್ಟರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಕೊಳೆತ ಭಾಗವನ್ನು ಮರ ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸಿ, ಹೊರಗೆ ಹೊಸ ಕಟ್ಟಿಗೆ ಬೆಳೆಸಿಕೊಳ್ಳುತ್ತದೆ. ಮೇಲೆ ಬಳಿದದ್ದು ಹಸಿಯನ್ನು ಹಿಡಿದಿಟ್ಟು ಕೊಳೆಗೇ ಸಹಾಯ ಮಾಡುತ್ತದೆ. ಪೊಟರೆಯಲ್ಲಿ ಗಿಳಿಯೋ ಗೂಬೆಯೋ ಇದ್ದರೆ ಇರಲಿ. ಪೊಟರೆ ಇದ್ದ ಮಾತ್ರಕ್ಕೆ ಗಿಡಕ್ಕೆ ಆಯುಷ್ಯ ಮುಗಿಯಿತೆಂದಲ್ಲ.

ಟೊಂಗೆ ಹೋಗಿ ಪಡುವಣ ಬಿಸಿಲಿಗೆ ತೆರೆದುಕೊಂಡ ಬೊಡ್ಡೆಗೆ ತಿಳಿ ಸುಣ್ಣ ಹಚ್ಚಬಹುದು. ಅದು ಬಿಸಿಲು ತಡೆಯಲಿಕ್ಕೆ.

11. ಬೇವಿನ ತುದಿ ಒಣಗಿದರೆ ಕೊಡಲಿ ತರಬೇಡಿ

2021ರಲ್ಲಿ ತೆಲಂಗಾಣದ ಉದ್ದಗಲಕ್ಕೂ ಬೇವು ಒಣಗಿದ ಸುದ್ದಿ ಬಂತು, ನಮ್ಮ ಜಿಲ್ಲೆಗಳಲ್ಲೂ ಜನ ಕಂಗಾಲಾದರು. ಮಳೆಗಾಲದಲ್ಲಿ ಎಳೆ ಚಿಗುರು ಸುಟ್ಟಂತೆ ಕಂದಾಗಿ ಜೋತು ಬೀಳುತ್ತದೆ. ದೂರದಿಂದ ಇಡೀ ಗಿಡಕ್ಕೆ ಬೆಂಕಿ ತಗುಲಿದಂತೆ ಕಾಣುತ್ತದೆ. ಇದರಲ್ಲಿ ಇಬ್ಬರ ಕೈವಾಡ. ಚಹಾ ಸೊಳ್ಳೆ ಎಂದು ಕರೆಯುವ ತಿಗಣೆ ಎಳೆ ಕಾಂಡಕ್ಕೆ ಸೂಜಿ ಚುಚ್ಚಿ ರಸ ಹೀರುತ್ತದೆ. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಚಿಗುರನ್ನು ಒಣಗಿಸುತ್ತದೆ. ಟೊಂಗೆಯ ತುದಿಯನ್ನು ಹತ್ತಿರದಿಂದ ನೋಡಿದರೆ ತಿಗಣೆ ಚುಚ್ಚಿದ ಕಡೆ ಕಂದು ಕಲೆ, ಅಲ್ಲಲ್ಲಿ ಒಸರಿದ ಅಂಟು ಕಾಣಬಹುದು.

ಔಷಧಿ ಇದೆ. ಆದರೆ ಮನೆ ಪಕ್ಕದ ನಲವತ್ತಡಿ ಬೇವಿಗೆ ಕೀಟನಾಶಕ ಹೊಡೆದರೆ ಅದು ಬೀಳುವುದು ನೀರಿನ ತೊಟ್ಟಿಗೆ, ದನದ ಮೇವಿಗೆ, ಆಡುವ ಮಕ್ಕಳ ಮೇಲೆ. ಯುಗಾದಿಗೆ ನಾವು ಬಾಯಿಗೆ ಹಾಕಿಕೊಳ್ಳುವ ಹೂವು ಅದೇ ಗಿಡದ್ದು. ದೊಡ್ಡ ಗಿಡಕ್ಕೆ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಬೊಡ್ಡೆ ಬಲವಾಗಿದ್ದರೆ ಬೇವು ಬೇಸಿಗೆಯ ಚಿಗುರಿನೊಂದಿಗೆ ಬಹುಪಾಲು ಸುಧಾರಿಸಿಕೊಳ್ಳುತ್ತದೆ. ಅನುಮಾನವಿದ್ದರೆ ಉಗುರಿನಿಂದ ಟೊಂಗೆಯ ತೊಗಟೆ ಗೀರಿ. ಒಳಗೆ ಹಸಿರಿದ್ದರೆ ಜೀವ ಇದೆ. ಫೆಬ್ರವರಿಯಲ್ಲಿ ಸತ್ತ ತುದಿಗಳನ್ನು ಕೊಯ್ದು, ಒಂದು ಪಾತಿ ನೀರು ಕೊಟ್ಟು ಮುಂದಿನ ಚಿಗುರಿನವರೆಗೆ ಕಾಯಿರಿ. ನರ್ಸರಿಯ ಸಣ್ಣ ಸಸಿಗಾದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನೋ ಕೇಳಿ ಔಷಧಿ ಕೊಡಿ.

12. ಬದನಿಕೆ ಕಂಡ ವರ್ಷವೇ ತೆಗೆಯಿರಿ

ಮಾವು, ಹೊಂಗೆ, ಬೇವಿನ ಮೇಲೆ ಬೇರೆ ಬಗೆಯ ದಪ್ಪ ಎಲೆಯ ಗೊಂಚಲು ಕಂಡರೆ ಅದು ಬದನಿಕೆ. ಗಿಡದ ನೀರು ಕುಡಿದೇ ಬದುಕುತ್ತದೆ. ಗಿಡ ಎಲೆ ಉದುರಿಸಿದಾಗ ಸುಲಭವಾಗಿ ಗುರುತು ಸಿಗುತ್ತದೆ. ಎಲೆ ಕಿತ್ತರೆ ಮತ್ತೆ ಬರುತ್ತದೆ. ಅಂಟಿದ ಗಂಟಿಗಿಂತ ಒಂದಡಿ ಕೆಳಗೆ ಟೊಂಗೆಯನ್ನೇ ಕೊಯ್ಯಬೇಕು. ಹಣ್ಣಾಗುವ ಮೊದಲೇ ಮಾಡಿ. ಹಕ್ಕಿ ತಿಂದು ಪಕ್ಕದ ಗಿಡಕ್ಕೆ ಅಂಟಿಸುತ್ತದೆ. ಓಣಿಯವರೆಲ್ಲ ಒಂದೇ ವಾರ ತೆಗೆದರೆ ಮಾತ್ರ ಫಲ.

13. ಗೆದ್ದಲಿಗೆ ಹೆದರಬೇಡಿ

ಬೊಡ್ಡೆಯ ಮೇಲಿನ ಮಣ್ಣಿನ ಗೂಡು ನೋಡಿ ಗಿಡ ಹೋಯಿತೆನ್ನುತ್ತಾರೆ. ಗೆದ್ದಲು ಬಹುತೇಕ ತಿನ್ನುವುದು ಸತ್ತ ಹೊರತೊಗಟೆ. ಕಸಬರಿಗೆಯಿಂದ ಉಜ್ಜಿ ಕೆಡವಿ, ನೀರು ಕೊಡಿ.

14. ಮೊಳೆ, ತಂತಿ, ಹಗ್ಗ

ಬೋರ್ಡಿನ ಮೊಳೆ ಕೀಳಿ. ಬಟ್ಟೆ ಒಣಹಾಕುವ ತಂತಿ, ಎಮ್ಮೆ ಕಟ್ಟಿದ ಸರಪಳಿ ತೊಗಟೆಯೊಳಗೆ ಹುದುಗುವ ಮೊದಲೇ ಬಿಚ್ಚಿ. ತೊಗಟೆಯ ಕೆಳಗಿನ ತೆಳು ಪದರದಲ್ಲೇ ಎಲೆಯ ಆಹಾರ ಬೇರಿಗೆ ಇಳಿಯುತ್ತದೆ. ಅದು ಸುತ್ತಲೂ ತುಂಡಾದರೆ ಬೇರು ಉಪವಾಸ ಬೀಳುತ್ತದೆ. ದನವನ್ನು ಬುಡದಲ್ಲಿ ಕಟ್ಟಿದರೆ ಗಂಜಳ ಮತ್ತು ಗೊರಸಿನ ತುಳಿತ ಎರಡೂ ಒಂದೇ ಜಾಗಕ್ಕೆ. ಗೂಟವನ್ನು ನೆರಳಿನ ಅಂಚಿಗೆ ಸರಿಸಿ, ಆಗಾಗ ಬದಲಿಸಿ.

15. ಬನ್ನಿಯ ಟೊಂಗೆ ಮುರಿಯಬೇಡಿ

ನಮ್ಮ ಬನ್ನಿ ನಿಜವಾದ ಮರುಭೂಮಿಯ ಗಿಡ. ರಾಜಸ್ಥಾನದಲ್ಲಿ ಇದೇ ಖೇಜ್ರಿ, ಆ ರಾಜ್ಯದ ಮರ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಗಿಡ ಕಡಿಯಲು ಬಂದವರಿಗೆ ಅಡ್ಡ ನಿಂತು, ಅಮೃತಾದೇವಿ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಆ ಸಮುದಾಯ ಇಂದಿಗೂ ಸ್ಮರಿಸುತ್ತದೆ. ದುಬೈ, ಅಬುಧಾಬಿಗೆ ದುಡಿಯಲು ಹೋದ ನಮ್ಮವರು ರಸ್ತೆ ಬದಿಯಲ್ಲಿ ಕಾಣುವ 'ಗಾಫ್' ಕೂಡ ಇದೇ, ಅದು ಆ ದೇಶದ ರಾಷ್ಟ್ರವೃಕ್ಷ. ಬಹರೇನಿನ ಮರಳಿನಲ್ಲಿ ಒಂಟಿಯಾಗಿ ನಿಂತಿರುವ, ಸುಮಾರು 400 ವರ್ಷದ್ದೆನ್ನುವ ಪ್ರಸಿದ್ಧ ಮರವೂ ಬನ್ನಿಯೇ. ಇದರ ತಾಯಿಬೇರು ಹತ್ತಾರು ಮೀಟರ್ ಆಳ ಇಳಿದು ನೀರು ಹುಡುಕುತ್ತದೆ.

ಇಂಥ ಗಿಡ ನಮ್ಮೂರಲ್ಲಿ ಬಡವಾಗುವುದು ನಮ್ಮ ಕೈಯಿಂದ. ದಸರೆಯ ಸಂಜೆ ಬನ್ನಿ ಮುಡಿಯುವಾಗ ಹುಡುಗರು ಮೇಲೆ ಹತ್ತಿ ಟೊಂಗೆಗಳನ್ನೇ ಮುರಿದು ಎಸೆಯುತ್ತಾರೆ. ಅದು ಮಳೆ ಮುಗಿಯುವ ಕಾಲ. ಮುಂದೆ ಎಂಟು ತಿಂಗಳ ಒಣ ಹವೆಯನ್ನು ಗಿಡ ಆ ಗಾಯದೊಂದಿಗೆ ಎದುರಿಸಬೇಕು. 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಎನ್ನಲು ನಾಲ್ಕೆಲೆ ಸಾಕು. ಊರಿನ ಹಿರಿಯರು ಹಿಂದಿನ ದಿನವೇ ಕತ್ತರಿ ಹಿಡಿದು ಸಣ್ಣ ಕುಡಿಗಳನ್ನು ಕೊಯ್ದು ಬುಟ್ಟಿಯಲ್ಲಿಟ್ಟರೆ ಪೂಜೆಗೂ ಕೊರತೆಯಿಲ್ಲ, ಗಿಡಕ್ಕೂ ಪೆಟ್ಟಿಲ್ಲ. ಬನ್ನಿಗೆ ಪಾತಿ ನೀರಿನ ಗೊಡವೆಯೂ ಬೇಡ. ಅದನ್ನು ಅದರ ಪಾಡಿಗೆ ಬಿಟ್ಟು, ಬುಡದಲ್ಲಿ ಟೈಲ್ಸಿನ ಕಟ್ಟೆ ಏಳದಂತೆ ನೋಡಿಕೊಂಡರೆ ಸಾಕು.

16. ಯಾವಾಗ ಹೆದರಬೇಕು

ಬುಡದಲ್ಲಿ ಅಣಬೆ ಎದ್ದರೆ, ಒಂದು ಬದಿಯ ನೆಲ ಉಬ್ಬಿ ಗಿಡ ಹೊಸದಾಗಿ ವಾಲಿದ್ದರೆ, ಕವಲಿನಲ್ಲಿ ಬಿರುಕು ಬಿಟ್ಟು ಗಾಳಿಗೆ ಕಿರುಗುಟ್ಟಿದರೆ ತಡ ಮಾಡಬೇಡಿ, ಕೆಳಗೆ ಮಕ್ಕಳನ್ನು ಬಿಡಬೇಡಿ. ಬಹಳ ಸಲ ಭಾರದ ಒಂದು ಟೊಂಗೆ ಇಳಿಸಿದರೆ ಗಿಡ ಉಳಿಯುತ್ತದೆ. ಕಡಿಯಲೇಬೇಕಾಯಿತೆಂದರೆ, ಸ್ವಂತ ಹಿತ್ತಲ ಗಿಡವಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ತೆಂಗು, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆ ಕಡಿಯುವ ಮುಂಚೆ ಅರ್ಜಿ ಕೊಡಿ.

17. ಹಳೆಯದು ಇದ್ದಾಗಲೇ ಹೊಸದು ನೆಡಿ

ಅರವತ್ತು ವರ್ಷದ ಬೇವು ಬಿದ್ದ ಮೇಲೆ ಸಸಿ ನೆಟ್ಟರೆ ನೆರಳಿಗೆ ಹದಿನೈದು ವರ್ಷ ಕಾಯಬೇಕು. ಈಗಲೇ ನೆಡಿ: ಹಳೆ ಗಿಡದ ನೆರಳಿನಾಚೆ, ಗೋಡೆಯಿಂದ ಹದಿನೈದಡಿ ಬಿಟ್ಟು, ಮೇಲೆ ತಂತಿ ಇಲ್ಲದ ಕಡೆ. ಬೇವಿನ ಬೀಜ ಎರಡು ಮೂರು ವಾರದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕಳೆದ ವರ್ಷದ ಬೀಜ ಕೂಡಿಟ್ಟು ಪ್ರಯೋಜನವಿಲ್ಲ. ಜೂನ್ ಹೊತ್ತಿಗೆ ಉದುರಿದ ಹಣ್ಣಿನ ತಿರುಳು ತೊಳೆದು ಆ ವಾರವೇ ಊರಿ, ಮಿರಗ, ಆರಿದ್ರಾ ಮಳೆಯ ಹಸಿ ಸಿಗುತ್ತದೆ. ಪಾಕೀಟಿನ ಸಸಿಯಾದರೆ ಪಾಕೀಟಿನೊಳಗೆ ಸುರುಳಿ ಸುತ್ತಿದ ಬೇರನ್ನು ಬಿಡಿಸಿ ಅಥವಾ ಕತ್ತರಿಸಿ ನೆಡಬೇಕು. ಸುತ್ತಿದ ಬೇರು ಇಪ್ಪತ್ತು ವರ್ಷದ ನಂತರ ಅದೇ ಗಿಡದ ಕುತ್ತಿಗೆ ಹಿಸುಕುತ್ತದೆ. ಮೂರನೇ ಬೇಸಿಗೆ ದಾಟುವವರೆಗೆ ವಾರಕ್ಕೆರಡು ಕೊಡ ನೀರು ಕೊಡಿ. ಆಡು ಬಾಯಿ ಹಾಕದಂತೆ ಜಾಲಿ ಮುಳ್ಳಿನ ಬೇಲಿ ಮಾತ್ರ ನೆಟ್ಟ ದಿನವೇ ಆಗಬೇಕು.